ಎಂಟು ಡಬ್ಬಿಯ ಸೇಡು

ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ಡಬ್ಬಿ ಅಕ್ಕನ ಹಗೆಯ ಮುಂದೆ ಆ ಹಾವು ತೊಟ್ಟಿಲ ಕೂಸು. ಇವಳದು ನಾಚಿಕೆಯಾಗಿ ಹುಟ್ಟಿ, ಇಪ್ಪತ್ತೆರಡು ವರ್ಷ ತುಂಬಿ, ಮದುವೆಗೆ ಬಂದ ಮಗಳ ಹಾಗೆ ಮನೆ ತುಂಬ ಬೆಳೆದು ನಿಂತಿತ್ತು.

ಡಬ್ಬಿ ಅಂದರೆ ತಿಂಡಿ ಡಬ್ಬಿ ಅಂದುಕೊಂಡು ಯಾರೂ ಬಾಯಲ್ಲಿ ನೀರೂರಿಸಿಕೊಳ್ಳಬಾರದು. ಅವಳು ಕ್ರೀಡಾ ತರಬೇತಿ ಕೇಂದ್ರದ ಪ್ರಯೋಗಾಲಯದಲ್ಲಿ ಕಿಟಕಿಯ ಹಿಂದೆ ಕೂರುವವಳು. ಓಟಗಾರರು, ಈಜುಗಾರರು, ಭಾರ ಎತ್ತುವವರು ಬೆಳಗ್ಗೆ ತಮ್ಮ ಹೊಟ್ಟೆಯಿಂದ ಹೊರಬಿದ್ದದ್ದರಲ್ಲಿ ಒಂದು ಚಮಚ ತೆಗೆದು, ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತಿರುಪು ಬಿಗಿದು, ಮೇಲೆ ಸಮಯ ಬರೆದು ತಂದುಕೊಡಬೇಕು. ಅವಳು ಅದಕ್ಕೆ ನಂಬರ್ ಅಂಟಿಸಿ ಡೀಪ್ ಫ್ರೀಜರಿನಲ್ಲಿಡಬೇಕು. ಆ ಫ್ರೀಜರಿನ ಬಾಗಿಲು ತೆರೆದರೆ ಎರಡು ಕೋಣೆ ಆಚೆಯ ಗುಮಾಸ್ತ ಸ್ವೆಟರ್ ಹುಡುಕುತ್ತಿದ್ದ. ಒಂಬತ್ತು ವರ್ಷದ ಅನುಭವದಲ್ಲಿ ಅವಳ ಕಣ್ಣು ಅಕ್ಕಸಾಲಿಯ ಒರೆಗಲ್ಲಾಗಿತ್ತು. ಡಬ್ಬಿ ಎತ್ತಿ ಬೆಳಕಿಗೆ ಹಿಡಿದರೆ ಸಾಕು, ಅದರ ಯಜಮಾನ ನಿನ್ನೆ ಏನು ತಿಂದ, ಎಷ್ಟು ನಿದ್ದೆ ಮಾಡಿದ, ಹೆಂಡತಿಯ ಜೊತೆ ಮಾತು ಬಿಟ್ಟು ಎಷ್ಟು ದಿನವಾಯಿತು ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದಳು.

ಇಂಥವಳು ಇಪ್ಪತ್ತೊಂದರ ಹರೆಯದಲ್ಲಿ ಹತ್ತು ಸಾವಿರ ಮೀಟರ್ ಓಡುತ್ತಿದ್ದಳು. ಓಡುವಾಗ ಅವಳ ನೆರಳು ಹಿಂದೆ ಬಿದ್ದು, ಸುಸ್ತಾಗಿ, ಮರದ ಕೆಳಗೆ ಕೂತು ಕಾಯುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ. ದೇಶದ ತಂಡಕ್ಕೆ ಆಯ್ಕೆಯ ಓಟ. ಇಪ್ಪತ್ತೈದು ಸುತ್ತು. ಹತ್ತೊಂಬತ್ತನೇ ಸುತ್ತಿನಲ್ಲಿ ಅವಳೊಬ್ಬಳೇ ಮುಂದೆ. ಆಗ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಇನ್ನೊಂದು ಸುತ್ತು ಹಲ್ಲು ಕಚ್ಚಿದಳು. ಆಮೇಲೆ ಹಲ್ಲು ಕಚ್ಚಿ ತಡೆಯುವ ವಿಷಯವಾಗಿ ಅದು ಉಳಿಯಲಿಲ್ಲ. ಟ್ರ್ಯಾಕ್ ಬಿಟ್ಟು ಶೌಚಾಲಯಕ್ಕೆ ಓಡಿದಳು.

ವಾಪಸ್ ಬರುವಷ್ಟರಲ್ಲಿ ಓಟ ಮುಗಿದಿತ್ತು. ಅವಳ ಕೋಚ್ ಮೈಕ್ ಹಿಡಿದಿದ್ದ.

"ನೋಡ್ರಪ್ಪಾ, ಬಂದ್ಲು! ಬ್ರೇಕ್‌ಫೇಲ್ ಬಂದ್ಲು! ಹೆದರಿದ ಹೊಟ್ಟೆ ಓಡೋದು ಒಂದೇ ಕಡೆಗೆ ಕಣ್ರೀ!"

ಮೈದಾನವಿಡೀ ನಕ್ಕಿತು. ಆ ನಗು ಊರಾಚೆಯ ರೈಲು ನಿಲ್ದಾಣಕ್ಕೂ ಕೇಳಿಸಿ, ಗಾಡಿಯೊಂದು ಅದನ್ನೇ ಸಿಳ್ಳೆ ಅಂದುಕೊಂಡು ಅರ್ಧ ಗಂಟೆ ಮೊದಲೇ ಹೊರಟುಹೋಯಿತಂತೆ. ಅಂದಿನಿಂದ ಅವಳ ಹೆಸರು ಬ್ರೇಕ್‌ಫೇಲ್. ಅವಳು ಓಡುವುದನ್ನು ಬಿಟ್ಟಳು. ಹೆಸರು ಬಿಡಲಿಲ್ಲ, ಅದು ಅವಳಿಗಿಂತ ಚೆನ್ನಾಗಿ ಓಡಿತು. ಮದುವೆಯ ದಿನ ಗಂಡಿನ ಗೆಳೆಯನೊಬ್ಬ ಅವನ ಕಿವಿಯಲ್ಲಿ, "ಇಳಿಜಾರಲ್ಲಿ ಹುಷಾರು ಕಣೋ" ಅಂದದ್ದು ಅವಳಿಗೆ ಕೇಳಿಸಿತ್ತು.

ಇದರಲ್ಲಿ ತಮಾಷೆಯೆಂದರೆ, ಹದಿಮೂರು ವರ್ಷ ಅವಳೂ ಕೋಚಿನ ಮಾತನ್ನೇ ನಂಬಿದ್ದಳು. ನಾನು ಪುಕ್ಕಲಿ, ಹೆದರಿಕೆಗೆ ಹೊಟ್ಟೆ ಕೈಕೊಟ್ಟಿತು ಎಂದು. ಆಮೇಲೆ ಪ್ರಯೋಗಾಲಯದ ಕೆಲಸ ಸಿಕ್ಕಿತು. ಸೇರಿದ ಮೊದಲ ವಾರವೇ ಅಲ್ಲಿನ ಡಾಕ್ಟರಮ್ಮ ಓಟಗಾರರನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಇವಳು ನೆಲ ಒರೆಸುತ್ತಿದ್ದಳು.

"ನಮ್ಮ ಕರುಳಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿ ಬಾಡಿಗೆಗಿವೆ. ಹದವಾಗಿ ವ್ಯಾಯಾಮ ಮಾಡಿ, ಹೊಟ್ಟೆ ತುಂಬ ಉಂಡ್ರೆ ಸಾಮಾನ್ಯವಾಗಿ ಅವೂ ಚೆನ್ನಾಗಿರ್ತವೆ, ಬಗೆಬಗೆಯವು ಸೇರ್ತವೆ. ಓಡಿದಾಗ ಮೈಯಲ್ಲಿ ಹುಟ್ಟೋ ಲ್ಯಾಕ್ಟಿಕ್ ಆಮ್ಲನೇ ಊಟ ಮಾಡೋ ಜೀವಿಗಳೂ ಇವೆ. ಆದ್ರೆ ವಿಪರೀತ ಓಡಿಸಿದ್ರೆ? ರಕ್ತ ಎಲ್ಲ ಕಾಲಿಗೆ ಹೋಗತ್ತೆ. ಕರುಳಿಗೆ ರಕ್ತ ಸಾಲದೆ ಅದರ ಗೋಡೆ ಸಡಿಲ ಆಗತ್ತೆ. ಹೊಟ್ಟೆ ನುಲಿಯತ್ತೆ, ಭೇದಿ ಆಗತ್ತೆ. ದೂರ ಓಡೋರಲ್ಲಿ ಇದು ತುಂಬ ಸಾಮಾನ್ಯ."

"ಅದು ಹೆದರಿಕೆಗೆ ಆಗೋದಲ್ವಾ ಡಾಕ್ಟರಮ್ಮ?" ಒರೆಸುವ ಕೋಲು ಹಿಡಿದೇ ಕೇಳಿದಳು.

"ಆತಂಕಕ್ಕೂ ಹೊಟ್ಟೆ ಕೆಡಬಹುದು. ಆದ್ರೆ ಹದಿನೆಂಟು, ಇಪ್ಪತ್ತು ಸುತ್ತು ಎಲ್ಲರಿಗಿಂತ ಮುಂದೆ ಓಡಿದೋಳು ಪುಕ್ಕಲಿ ಅಂತೀರಾ?"

ಸುತ್ತಿನ ಲೆಕ್ಕವನ್ನು ಡಾಕ್ಟರಮ್ಮ ಸುಮ್ಮನೆ ಬಾಯಿಗೆ ಬಂದಂತೆ ಹೇಳಿದ್ದರು. ಇವಳ ಎದೆಗೆ ಅದು ನಾಟಿತು. ಹದಿಮೂರು ವರ್ಷದ ನಾಚಿಕೆ ಆ ಅರ್ಧ ಗಂಟೆಯಲ್ಲಿ ಸಿಟ್ಟಾಗಿ ಹೆಪ್ಪುಗಟ್ಟಿತು.

ಗಂಡ ಬೀಗ ರಿಪೇರಿಯವನು, ತಣ್ಣನೆಯ ಮನುಷ್ಯ. "ಹೋಗ್ಲಿ ಬಿಡೇ" ಅಂದ. "ಎಷ್ಟು ವರ್ಷ ಆಯ್ತು."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ರೀ."

"ಆನೆ ಕೊಟ್ರೆ ಕಟ್ಟೋಕೆ ನಮ್ಮನೇಲಿ ಜಾಗ ಎಲ್ಲಿದೆ? ಅಡುಗೆಮನೇಲಿ ನಾನೇ ಒಂದು ಮಗ್ಗುಲಲ್ಲಿ ನಿಲ್ತೀನಿ."

"ನನಗೆ ಆನೆ ಬೇಡ. ತುಂಬಿದ ಸಭೇಲಿ, ಕೈಯಲ್ಲಿ ಮೈಕ್ ಇಟ್ಕೊಂಡು, ಆ ಮನುಷ್ಯ ಬಾಯಿ ಬಿಡೋಕಾಗದೆ ನಿಲ್ಲಬೇಕು. ಅದನ್ನ ಈ ಕಣ್ಣಲ್ಲಿ ನೋಡಬೇಕು. ಅಷ್ಟೇ."

ಇದನ್ನು ಅವಳು ಒಂಬತ್ತು ವರ್ಷ ಹೇಳಿದಳು. ಗಂಡ ಒಂಬತ್ತು ವರ್ಷ ಬೀಗಕ್ಕೆ ಎಣ್ಣೆ ಬಿಟ್ಟ.

ಕೊನೆಗೊಂದು ದಿನ ಅದೇ ಕೋಚ್ ತನ್ನ ಎಂಟು ಓಟಗಾರರ ಶಿಬಿರವನ್ನು ಇದೇ ಕೇಂದ್ರಕ್ಕೆ ತಂದ. ಕೂದಲು ನರೆತಿತ್ತು, ಹೊಟ್ಟೆ ಮುಂದೆ ಬಂದಿತ್ತು, ನಾಲಿಗೆ ಹಾಗೇ ಇತ್ತು. ನಲವತ್ತು ದಿನ, ದಿನಕ್ಕೆರಡು ಓಟ, ವಾರಕ್ಕೊಂದು ರಜೆಯೂ ಇಲ್ಲ, ಅರೆಹೊಟ್ಟೆ ಊಟ. ಮೆಣಸಿನಕಾಯಿಯಂತೂ ಶಿಬಿರದ ಗೇಟಿನೊಳಗೆ ಕಾಲಿಡಕೂಡದು. ಕಠಿಣ ತರಬೇತಿಯಲ್ಲಿ ಕರುಳಿನ ಜೀವಿಗಳು ಹೇಗಿರುತ್ತವೆ ಎಂದು ಡಾಕ್ಟರಮ್ಮ ಪರೀಕ್ಷಿಸಬೇಕು, ಆ ವರದಿ ಕೇಳಿ ಮುಂದಿನ ದೇಶದ ತಂಡವನ್ನು ಇವನ ಕೈಗೆ ಕೊಡಬೇಕೋ ಬೇಡವೋ ಎಂದು ಆಯ್ಕೆ ಸಮಿತಿ ತೀರ್ಮಾನಿಸಬೇಕು, ಇದು ಏರ್ಪಾಡು.

ಶಿಬಿರದ ಕೊನೆಗೆ, ಮಾದರಿ ಕೊಡುವ ದಿನದ ಹಿಂದಿನ ಸಂಜೆ, ಎಂಟು ಜನರಲ್ಲಿ ಚಿಕ್ಕವಳಾದ ಹುಡುಗಿ ಕಿಟಕಿಗೆ ಬಂದಳು. ಮುಖ ಸುಣ್ಣ ಬಳಿದ ಗೋಡೆ.

"ಅಕ್ಕಾ, ಹೊಟ್ಟೆನೋವಿಗೆ ಮಾತ್ರೆ ಇದ್ಯಾ?"

"ಎಷ್ಟು ದಿನದಿಂದ?"

"ಹತ್ತು ದಿನ ಆಯ್ತು. ಇನ್ನಿಬ್ಬರಿಗೂ ಹೀಗೇ. ಸರ್‌ಗೆ ಹೇಳಿದ್ರೆ, ಹೆದರಿದ ಹೊಟ್ಟೆ ಓಡೋದು ಒಂದೇ ಕಡೆಗೆ ಅಂತಾರೆ."

"ಇಪ್ಪತ್ತೆರಡು ವರ್ಷದಲ್ಲಿ ಒಂದು ಹೊಸ ಮಾತೂ ಕಲೀಲಿಲ್ವಾ ಮಹಾನುಭಾವ!" ಅಂದಳು ಡಬ್ಬಿ ಅಕ್ಕ.

ಮರುದಿನ ಬೆಳಗ್ಗೆ ಓಟಗಾರರು ಯಾರೂ ಬರಲಿಲ್ಲ. ಕೋಚೇ ತಟ್ಟೆಯಲ್ಲಿ ಎಂಟು ಡಬ್ಬಿ ಜೋಡಿಸಿಕೊಂಡು ಬಂದ.

"ಮಕ್ಳು ನಾಚ್ಕೋತಾವೆ ಕಣಮ್ಮ, ನಾನೇ ತಂದೆ." ಆಮೇಲೆ ಕಿಟಕಿಯೊಳಗೆ ಬಗ್ಗಿ ನೋಡಿದ. "ಅರೆ, ಬ್ರೇಕ್‌ಫೇಲ್! ನೀನಾ? ಸರಿಯಾದ ಇಲಾಖೆಗೇ ಸೇರ್ಕೊಂಡಿದ್ದೀಯ ಬಿಡು!" ಎಂದು ಕಾರಿಡಾರು ನಡುಗುವ ಹಾಗೆ ನಕ್ಕ.

"ಹೌದು ಸರ್. ಇಟ್ಟು ಹೋಗಿ" ಅಂದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಅವನು ಹೋದ ಮೇಲೆ ಮೊದಲ ಡಬ್ಬಿ ಬೆಳಕಿಗೆ ಹಿಡಿದಳು. ಎರಡನೆಯದು. ಮೂರನೆಯದು. ಎಂಟು ಹೊಟ್ಟೆಯ ಡಬ್ಬಿಗಳು ಎಂಟು ತರ ಇರಬೇಕು. ಒಬ್ಬ ನಾಚಿಕೆಗೆ ಚಿಟಿಕೆಯಷ್ಟು ಹಾಕುತ್ತಾನೆ, ಇನ್ನೊಬ್ಬ ಉದಾರಿ, ಮುಚ್ಚಳ ಕೂರದಷ್ಟು ತುಂಬುತ್ತಾನೆ. ಇಲ್ಲಿ ಎಂಟೂ ಒಂದೇ ಮಟ್ಟ, ಒಂದೇ ಬಣ್ಣ. ಸಮಯ ಆರೂ ಹತ್ತು, ಆರೂ ಹನ್ನೊಂದು, ಆರೂ ಹನ್ನೆರಡು, ಹೀಗೆ ಮಿಲಿಟರಿ ಕವಾಯತಿನ ಹಾಗೆ ಸಾಲಾಗಿ, ಒಂದೇ ಕೈಬರಹದಲ್ಲಿ. ಜೊತೆಗೆ ಎಂಟರಲ್ಲೂ ಮೆಣಸಿನಕಾಯಿ ಬೀಜ.

ಮಕ್ಕಳ ಹೊಟ್ಟೆ ಕೆಟ್ಟದ್ದು ವರದಿಯಲ್ಲಿ ಬರುತ್ತದೆಂದು ಅವನಿಗೆ ಗೊತ್ತಿತ್ತು. "ನನ್ನ ಹೊಟ್ಟೆ ಕಲ್ಲು ಕರಗಿಸತ್ತೆ" ಎಂದು ಜೀವಮಾನವಿಡೀ ಕೊಚ್ಚಿಕೊಂಡವನು, ಆ ವಜ್ರದಂಥ ಹೊಟ್ಟೆಯ ಪ್ರಸಾದವನ್ನೇ ಎಂಟಕ್ಕೂ ಸಮನಾಗಿ ಹಂಚಿದ್ದ. ಪಕ್ಷಪಾತವೆಂದರೆ ಅವನಿಗೆ ಆಗದು.

ಆ ಕ್ಷಣವೇ ಕೂಗಬಹುದಿತ್ತು. ಆದರೆ ಡಬ್ಬಿಗೆ ನಂಬರ್ ಅಂಟಿಸುವವಳ ಮಾತನ್ನು ಯಾರು ಕೇಳುತ್ತಾರೆ? ಪ್ರಯೋಗಾಲಯದ ಯಂತ್ರ ಹೇಳಿದರೆ ಎಲ್ಲರೂ ಕೇಳುತ್ತಾರೆ. ಎಂಟು ಹೊಸ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹಾಸ್ಟೆಲಿಗೆ ಹೊರಟಳು. ಇಪ್ಪತ್ತೆರಡು ವರ್ಷದ ಮೇಲೆ ಅಂದು ಮೊದಲ ಸಲ ಅವಳು ಓಡಿದ್ದು. ದಾರಿಯಲ್ಲಿ ಸೈಕಲ್ಲಿನವರು ಬದಿಗೆ ಸರಿದರು.

"ಡಬ್ಬಿ ಸರಿಯಾಗಿಲ್ಲ, ಇನ್ನೊಂದು ಸಲ ಕೊಡ್ಬೇಕು" ಅಂದಳು.

"ಇನ್ನೊಂದು ಸಲವಾ?" ಅಂದಳು ಚಿಕ್ಕವಳು. "ಒಂದು ಸಲವೂ ಕೊಟ್ಟಿಲ್ವಲ್ಲ ಅಕ್ಕ. ಖಾಲಿ ಡಬ್ಬಿ ಎಲ್ಲ ಸರ್ ತಾವೇ ಇಟ್ಕೊಂಡ್ರು."

"ಹಾಗಾ? ಪಾಪ, ಎಷ್ಟು ಶ್ರಮ ಅವರಿಗೆ. ಇದನ್ನೂ ಹೇಳಿ ಇನ್ನಷ್ಟು ಶ್ರಮ ಕೊಡ್ಬೇಡಿ" ಅಂದಳು.

ಎಂಟು ನಿಜವಾದ ಡಬ್ಬಿ ಬಂದವು. ಎರಡು ಸಾಲನ್ನೂ ಫ್ರೀಜರಿಗಿಟ್ಟು, ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ನೀಟಾಗಿ ಬರೆದಳು: "ಮೊದಲ ಎಂಟು ಕೋಚ್ ತಂದದ್ದು. ಒಂದೇ ಕೈಬರಹ, ಒಂದೇ ಬಣ್ಣ, ಎಂಟರಲ್ಲೂ ಮೆಣಸಿನಕಾಯಿ ಬೀಜ. ಎರಡನೇ ಎಂಟು ಓಟಗಾರರು ಖುದ್ದಾಗಿ ಕೊಟ್ಟದ್ದು." ಷರಾ ಕಾಲಂ ಎಂದರೆ ಲೋಕದಲ್ಲಿ ಯಾರೂ ಓದದ ಜಾಗ. ಅಲ್ಲಿ ಕೊಲೆಯನ್ನೇ ಒಪ್ಪಿಕೊಂಡರೂ ಬಡ್ತಿ ಸಿಗುತ್ತದೆ.

ಹೊಟ್ಟೆನೋವಿನ ಇನ್ನಿಬ್ಬರು ಕೋಚಿನ ಭಯಕ್ಕೆ ಬರಲಿಲ್ಲ. ಚಿಕ್ಕವಳನ್ನು ಮಾತ್ರ ಕೈ ಹಿಡಿದು ಅಂದೇ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು. ಸೇಡು ಫ್ರೀಜರಿನಲ್ಲಿ ಕೆಡದೆ ಇರುತ್ತದೆ, ಹುಡುಗಿಯ ಹೊಟ್ಟೆ ಇರುವುದಿಲ್ಲ. ಡಾಕ್ಟರಮ್ಮ ಹತ್ತು ದಿನ ವಿಶ್ರಾಂತಿ, ಹೊಟ್ಟೆ ತುಂಬ ಊಟ ಎಂದು ಚೀಟಿ ಬರೆದರು. ಕೋಚ್ ಆ ಚೀಟಿಯನ್ನು ಮೈದಾನದಲ್ಲಿ ಎತ್ತಿ ತೋರಿಸಿ, "ತಗೊಳ್ಳಿ, ಇನ್ನೊಂದು ಬ್ರೇಕ್‌ಫೇಲ್!" ಅಂದು ತನ್ನ ಓಟಗಾರರ ಪಟ್ಟಿಯಿಂದ ಹುಡುಗಿಯ ಹೆಸರು ಹೊಡೆದುಹಾಕಿದ. ಸುದ್ದಿ ಕೇಳಿ ಡಬ್ಬಿ ಅಕ್ಕ ಆ ದಿನ ಎರಡು ಗಾಜಿನ ಬೀಕರ್ ಒಡೆದಳು. ಒಂದು ಕೈತಪ್ಪಿ, ಇನ್ನೊಂದು ಬೇಕೆಂದೇ.

ಎರಡು ತಿಂಗಳ ಮೇಲೆ ಯಂತ್ರ ತನ್ನ ಕಾಗದ ಉಗುಳಿತು. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿಕೊಂಡು ಬಂದರು.

"ಏನಮ್ಮ ಇದು? ಮೊದಲನೇ ಸಾಲಿನ ಎಂಟೂ ಒಂದೇ ಇವೆ! ಒಬ್ಬೊಬ್ಬರ ಕರುಳಿನ ಜೀವಿಗಳ ಗುಂಪು ಒಂದೊಂದು ತರ ಇರಬೇಕಲ್ಲ."

"ಷರಾ ಓದಿ ಡಾಕ್ಟರಮ್ಮ."

ಓದಿದರು. ಮತ್ತೊಮ್ಮೆ ಓದಿದರು. "ಈಗಲೇ ಆತನಿಗೆ ಫೋನ್ ಮಾಡ್ತೀನಿ."

"ಬೇಡಿ. ಫೋನಲ್ಲಾದ್ರೆ ಸಂಜೆಯೊಳಗೆ ಒಂದು ಕಥೆ ಕಟ್ತಾರೆ. ವರದಿ ಓದೋ ದಿನ, ಎಲ್ಲರ ಮುಂದೆ ಕೇಳಿ."

"ನಿಮಗೂ ಅವರಿಗೂ ಏನೋ ಹಳೇ ಲೆಕ್ಕ ಇರೋ ಹಾಗಿದೆ?"

"ಇದೆ."

ಡಾಕ್ಟರಮ್ಮ ಕನ್ನಡಕ ಇಳಿಸಿ, ಫೋನನ್ನು ಜೇಬಿಗೆ ಹಾಕಿಕೊಂಡರು.

ವರದಿಯ ದಿನ ಸಭಾಂಗಣದಲ್ಲಿ ಸೂಜಿ ಬಿದ್ದರೆ ಅದಕ್ಕೂ ನಿಲ್ಲಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಸಮಿತಿ, ಮುಂದಿನ ಸಾಲಿನಲ್ಲಿ ಓಟಗಾರರು, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಕೋಚ್. ಡಬ್ಬಿ ಅಕ್ಕ ಹಿಂದಿನ ಬಾಗಿಲಿಗೆ ಒರಗಿ ನಿಂತಳು. ಡಾಕ್ಟರಮ್ಮ ಶಾಂತವಾಗಿ ಹೇಳಿದರು: "ಕೋಚ್ ತಂದುಕೊಟ್ಟ ಎಂಟು ಮಾದರಿಗಳೂ ಒಂದಕ್ಕೊಂದು ಪಡಿಯಚ್ಚಿನ ಹಾಗಿವೆ."

ಕೋಚ್ ಜಿಗಿದೆದ್ದು ಮೈಕ್ ಕಿತ್ತುಕೊಂಡ. "ನೋಡಿದ್ರಾ! ಇದೇ ಶಿಸ್ತು ಅನ್ನೋದು! ಒಂದೇ ಊಟ, ಒಂದೇ ಓಟ, ಒಂದೇ ನಿದ್ದೆ. ನನ್ನ ಶಿಸ್ತು ಮಕ್ಕಳ ಕರುಳಿನ ತನಕ ಇಳಿದಿದೆ!"

ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

"ಅವಳಿ ಮಕ್ಕಳಲ್ಲೂ ಇಷ್ಟು ಹೋಲಿಕೆ ಇರಲ್ಲ" ಅಂದರು ಡಾಕ್ಟರಮ್ಮ. "ಇವು ಒಂದೇ ಹೊಟ್ಟೆಯವು. ಎಂಟರಲ್ಲೂ ಮೆಣಸಿನಕಾಯಿ ಬೀಜ ಕಂಡಿದೆ ಅಂತ ರಿಜಿಸ್ಟರಿನಲ್ಲಿದೆ."

"ಮೆಣಸಿನಕಾಯಿನಾ?" ಚಿಕ್ಕವಳು ಎದ್ದು ನಿಂತಳು. "ನಲವತ್ತು ದಿನ ಅದರ ಚಿತ್ರವನ್ನೂ ನೋಡಿಲ್ಲ ನಾವು!"

"ಹಾಗಾದ್ರೆ ಯಾರ ಹೊಟ್ಟೆ ಇದು?" ಎಂದರು ಸಮಿತಿಯ ಅಧ್ಯಕ್ಷೆ.

"ಸುಲಭ. ಶಿಬಿರದಲ್ಲಿದ್ದ ಪ್ರತಿಯೊಬ್ಬರೂ ಒಂದೊಂದು ಡಬ್ಬಿ ಕೊಟ್ರೆ ಹೋಲಿಸಿ ನೋಡಬಹುದು" ಅಂದರು ಡಾಕ್ಟರಮ್ಮ.

"ನಾನು ಕೊಡಲ್ಲ!" ಎಂದು ಕೋಚ್ ಮೈಕಿನಲ್ಲೇ ಕೂಗಿದ.

ಅವನನ್ನು ಇನ್ನೂ ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಸಭೆಯೆಲ್ಲ ತಿರುಗಿ ನೋಡಿತು. ಅವನ ಬಾಯಿ ತೆರೆದೇ ಇತ್ತು, ಒಳಗಿಂದ ಏನೂ ಬರಲಿಲ್ಲ. ಮೈಕ್ ಮಾತ್ರ ಅವನ ಉಸಿರನ್ನು ಹಿಡಿದು ಸಭಾಂಗಣದ ತುಂಬ ಹರಡಿತು. ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಆಮೇಲೆ ಸಮಿತಿಯೂ ನಕ್ಕಿತು. ಡಬ್ಬಿ ಅಕ್ಕ ನಗಲಿಲ್ಲ. ರೆಪ್ಪೆ ಮಿಟುಕಿಸಿದರೆ ಎಲ್ಲಿ ಒಂದು ಚೂರು ತಪ್ಪಿಹೋಗುತ್ತದೋ ಎಂದು ಕಣ್ಣಗಲಿಸಿ ನೋಡುತ್ತಿದ್ದಳು.

ಆಮೇಲೆ ನಿಜವಾದ ಎಂಟರ ವರದಿ ಓದಿದರು. ಹೊಟ್ಟೆನೋವು ಅಂದ ಮೂವರ ಕರುಳಿನ ಜೀವಿಗಳು ಏರುಪೇರಾಗಿದ್ದವು. ವಾರಕ್ಕೊಂದು ರಜೆ, ಹೊಟ್ಟೆ ತುಂಬ ಊಟ ಎಂದು ತೀರ್ಮಾನವಾಯಿತು. ಚಿಕ್ಕವಳ ಹೆಸರು ಪಟ್ಟಿಗೆ ವಾಪಸ್ ಬಂತು, ದೇಶದ ತಂಡ ಬೇರೆಯವರ ಪಾಲಾಯಿತು. ಕೋಚನ್ನು ಅದೇ ಕೇಂದ್ರದಲ್ಲಿ ಶಾಲಾ ಮಕ್ಕಳಿಗೆ ಓಟ ಕಲಿಸಲು ಹಾಕಿದರು. ಇನ್ನು ಮುಂದೆ ಡಾಕ್ಟರಮ್ಮನ ಪರೀಕ್ಷೆಗೆ ಕೋಚುಗಳೂ ತಿಂಗಳಿಗೊಂದು ಡಬ್ಬಿ ಖುದ್ದಾಗಿ ಕೊಡಬೇಕು ಎಂದು ಆದೇಶವೂ ಆಯಿತು.

"ಆಯ್ತಲ್ಲ, ಇನ್ನಾದ್ರೂ ಬಿಡ್ತೀಯಾ?" ಅಂದ ಗಂಡ.

"ಬಿಡ್ತೀನಿ ರೀ. ತಿಂಗಳಿಗೆ ಇಷ್ಟಿಷ್ಟು."

ತಿಂಗಳ ಮೊದಲ ಸೋಮವಾರ ಕಿಟಕಿಯ ಮುಂದೆ ಉದ್ದನೆಯ ಸಾಲು. ಕೋಚ್ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದ. ಅವಳು ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಮೈದಾನದ ಆಚೆ ತುದಿಗೆ ಕೇಳುವ ದನಿಯಲ್ಲಿ ಶುರುಮಾಡಿದಳು.

"ದಿನಕ್ಕೆ ಎಷ್ಟು ಸಲ ಹೋಗ್ತೀರಾ ಸರ್?"

"ಒಂದು" ಎಂದ ಪಿಸುದನಿಯಲ್ಲಿ.

"ಕೇಳಿಸ್ಲಿಲ್ಲ."

"ಒಂದು!"

"ಗಟ್ಟಿನೋ, ತೆಳುವೋ?"

ಸಾಲಿನಲ್ಲಿ ಯಾರೋ ಕೆಮ್ಮಿದರು. ಕೋಚ್ ಕಿಟಕಿಗೆ ಮುಖ ತಾಗಿಸಿ, "ಅದೆಲ್ಲ ಮರೆತುಬಿಡಮ್ಮ, ತಪ್ಪಾಯ್ತು" ಅಂದ.

ಅವಳು ಬರೆದುಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸಿ ಒಳಗೆ ಇಣುಕಿದಳು.

"ಇದು ಸಾಲದು ಸರ್. ಚಮಚ ತುಂಬ ಬೇಕು. ನಾಳೆ ಇನ್ನೊಂದು ಸಲ ತನ್ನಿ" ಎಂದು ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು. "ಮುಂದಿನವರು ಬನ್ನಿ."