ನೀರು ತಿಳಿಯಾಗಲೆಂದು ಕಾದವನು

ಚರಂಡಿಯಿಂದ ಮೇಲೆ ಬಂದ ನೀರುನಾಯಿ ಮೈ ಕೊಡವಿತು. ನನ್ನ ಪ್ಯಾಂಟಿನ ತುಂಬ ಎಣ್ಣೆಯ ಕಲೆಯಾಯಿತು.

ಸುಮಾರು ಹತ್ತು ವರ್ಷದ ಹಿಂದೆ ನಾನು ಸಿಂಗಪುರದ ಜುರಾಂಗ್‌ನ ಒಂದು ವರ್ಕ್‌ಶಾಪಿನಲ್ಲಿದ್ದೆ. ಮಳೆ ಶುರುವಾದ ಕೂಡಲೇ ನಮ್ಮ ಅಂಗಳದಿಂದ ಚರಂಡಿಗೆ ಬೀಳುವ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಎಣ್ಣೆ, ಕೊಳೆಯೆಲ್ಲ ಕೊಚ್ಚಿಕೊಂಡು ಬರುವುದು ಆಗಲೇ. ನಾನು ಮಾತ್ರ ಕಾಫಿ ಕುಡಿದು, ಕಪ್ಪು ನೀರು ಹರಿದುಹೋದ ಮೇಲೆ ತಿಳಿನೀರು ಹಿಡಿಯುತ್ತಿದ್ದೆ. ವರದಿ ಚೆನ್ನಾಗಿ ಬರುತ್ತಿತ್ತು. ಮ್ಯಾನೇಜರ್ ಬೆನ್ನು ತಟ್ಟುತ್ತಿದ್ದರು.

ಆ ದಿನವೂ ಕೊಡೆ ಹಿಡಿದು ಹಾಗೆಯೇ ಕಾಯುತ್ತಿದ್ದೆ. ಜೊತೆಗಿದ್ದ ಹೊಸ ಎಂಜಿನಿಯರ್, ಮೈಸೂರಿನ ರಶ್ಮಿ, “ಅಂಕಲ್, ಸ್ಯಾಂಪಲ್ ಆಗ್ಲೇ ನಿಮ್ಮ ಪ್ಯಾಂಟ್ ಮೇಲಿದೆ. ಬಾಟಲ್ ಯಾಕೆ ಇನ್ನೂ ಖಾಲಿ?” ಎಂದಳು.

“ಸ್ವಲ್ಪ ತಿಳಿಯಾಗ್ಲಿ ಅಂತಮ್ಮ,” ಎಂದೆ.

ಅವಳು ನಗಲಿಲ್ಲ. ನೀರುನಾಯಿ ಎಣ್ಣೆ ಹತ್ತಿದ ಮೈಯನ್ನು ನೆಕ್ಕಿಕೊಳ್ಳತೊಡಗಿತು. ನಾನು ಬಗ್ಗಿ ಕಪ್ಪು ನೀರನ್ನೇ ತುಂಬಿದೆ.

ಆ ಸಲ ವರದಿ ಕೆಟ್ಟದಾಗಿ ಬಂತು. ಅಂಗಳದಲ್ಲಿ ಎಣ್ಣೆ ತಡೆಯುವ ತೊಟ್ಟಿ ಕಟ್ಟಿಸಿದರು, ಬಾಟಲಿಯ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಅದಕ್ಕೂ ಹಿಂದಿನ ನನ್ನ ತಿಳಿನೀರಿನ ವರದಿಗಳನ್ನು ಮಾತ್ರ ಎಲ್ಲರೂ ಇಂದಿಗೂ ನಿಜವೆಂದೇ ನಂಬಿದ್ದಾರೆ. ಅವು ಸುಳ್ಳೆಂದು ನಾನು ಹೇಳುತ್ತಿರುವುದು ಇದೇ ಮೊದಲು.