ಕಾರಿಗೂ ಒಂದು ತುಂಡು ಬೆಲ್ಲ

ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಪುತ್ತೂರಿನಿಂದ ಅರಂತೋಡಿನ ಮನೆಗೆ ಹೊರಟಿದ್ದೆವು. ಬೇಗ ಒಯ್ದು ಮಲಗಿಸಿ ಎಂದಿದ್ದರು ಡಾಕ್ಟರರು. ಸುಳ್ಯ ಇನ್ನೂ ದೂರವಿರುವಾಗಲೇ ಏರಿನಲ್ಲಿ ಕಾರಿನ ನೀರು ಕುದಿದು ಹೊಗೆಯಾಡಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು.

ರಸ್ತೆಬದಿಯ ಮನೆಯೊಂದರಲ್ಲಿ ನೀರು ಕೇಳಿದೆ. ಮನೆಯಾಕೆ ದೊಡ್ಡ ಚೆಂಬಿನಲ್ಲಿ ನೀರನ್ನೂ ತಟ್ಟೆಯಲ್ಲಿ ಬೆಲ್ಲವನ್ನೂ ತಂದರು. ನೀರು ಕಾರಿಗೆ ಎಂದರೂ, ನಾನು ಬೆಲ್ಲ ಬಾಯಿಗೆ ಹಾಕುವವರೆಗೆ ಚೆಂಬು ಕೈಗೆ ಬರಲಿಲ್ಲ. ಅಷ್ಟಕ್ಕೆ ರೇಡಿಯೇಟರ್ ತುಂಬಲಿಲ್ಲ. ಮತ್ತೆ ಹೋದೆ, ಮತ್ತೆ ಬೆಲ್ಲ. ಮೂರನೆಯ ಸಲ, ಇನ್ನು ತಿನ್ನಲಾರೆ ಎಂದೆ.

"ಹಾಗಾದ್ರೆ ಕಾರಿಗೇ ಕೊಡುವ. ಬಾಗಿಲಿಗೆ ಬಂದದ್ದಕ್ಕೆ ಬರೀ ನೀರು ಕೊಡುದು ಹೇಗೆ ಮಾರಾಯ್ರೆ?"

ತಮಾಷೆಯೋ ಎಂದು ಆಕೆಯ ಮುಖ ನೋಡಿದೆ; ನಗು ಇರಲಿಲ್ಲ. ನನ್ನ ಜೊತೆಗೇ ಬಂದು, ತೆರೆದಿದ್ದ ಬಾನೆಟ್ಟಿನೊಳಗೆ ಬಗ್ಗಿ, ಬಿಸಿ ಇಂಜಿನ್ನಿನ ಮೇಲೆ ಬೆಲ್ಲದ ತುಂಡನ್ನಿಟ್ಟರು. ಅವರೆದುರು ಅದನ್ನು ತೆಗೆಯಲು ನನಗೆ ಧೈರ್ಯವಾಗಲಿಲ್ಲ. ನೀರು ತುಂಬಿಸಿ ಬಾನೆಟ್ ಮುಚ್ಚಿದೆ.

ಕಾರು ಕೆಮ್ಮುತ್ತ ಏರು ಹತ್ತಿತು. ಸುಳ್ಯ ಪೇಟೆ ಹತ್ತಿರವಾದಾಗ ಅಮ್ಮ ಎಚ್ಚರಗೊಂಡು, ಪಟ್ಟಿ ಕಟ್ಟಿದ ಮುಖವನ್ನು ಕಿಟಕಿಯತ್ತ ತಿರುಗಿಸಿ ಕೇಳಿದಳು:

"ಎಂತ ಪರಿಮಳ ಇದು. ಯಾರ ಮನೆಯಲ್ಲಿ ಪಾಯಸ ಮಾಡುದು?"