ಮಾದಿಯಮ್ಮನ ಕೈ ಅಲುಗಿದಾಗ

ಕ್ಯಾಮೆರಾದಲ್ಲಿ ಉಳಿದಿದ್ದು ಒಂದೇ ಫ್ರೇಮ್. ಎದುರಿಗಿದ್ದವರು ಇಬ್ಬರು ಅಕ್ಕತಂಗಿಯರು.

ನಿಮಗೆ ಗೊತ್ತೇ ಇದೆ, ಗೂಡಲೂರಿನಲ್ಲಿ ಮೆಣಸಿನ ವ್ಯಾಪಾರ ಮಾಡುವ ನನಗೆ ಭಾನುವಾರ ಬಂತೆಂದರೆ ಕಪ್ಪು-ಬಿಳುಪು ಫಿಲ್ಮಿನ ಹುಚ್ಚು. (ಹೆಂಡತಿ ಬಳಸುವ ಪದ ಬೇರೆ. ಇಲ್ಲಿ ಬರೆಯುವಂತಿಲ್ಲ.) ಕಳೆದ ತಿಂಗಳು ಬೆಟ್ಟದ ಮೇಲಿನ ಮಂಜೂರಿನ ಹತ್ತಿರ, ಹತ್ತಾರು ಮನೆಗಳ ಒಂದು ಹಟ್ಟಿಗೆ ಹೋಗಿದ್ದೆ. ಮಂಜು, ಟೀ ಗಿಡ, ಮತ್ತೆ ಮಂಜು. ರೋಲ್ ಮುಗಿಯುತ್ತಾ ಬಂದಿತ್ತು.

ಆಗ ಅಲ್ಲಿನ ಒಂದು ಮನೆಯಿಂದ ರುಕ್ಮಿಣಿಯಮ್ಮ ಎಂಬ ಅಜ್ಜಿ ಕರೆದರು. ಅಕ್ಕ ಮಾದಿಯಮ್ಮನ ಜೊತೆ ಅವರಿಗೊಂದು ಫೋಟೋ ಬೇಕಿತ್ತು. ಎಪ್ಪತ್ತು ದಾಟಿದರೂ ಇಬ್ಬರೂ ಒಟ್ಟಿಗಿರುವ ಒಂದು ಚಿತ್ರವೂ ಇಲ್ಲವಂತೆ.

ಮೊಬೈಲಿನಲ್ಲಿ ತೆಗೆದು ತೋರಿಸಿದೆ.

"ಇದು ಫೋನೊಳಗೇ ಇರ್ತದೆ. ಗೋಡೆಗೆ ಹಾಕೋವಂಥ ಫೋಟೋ ತೆಗಿಯಪ್ಪಾ!" ಎಂದರು ರುಕ್ಮಿಣಿಯಮ್ಮ.

ಸರಿ. ಆದರೆ ಬೆಳಕು? ಸಂಜೆಯ ಮಂಜು. ನನ್ನದು ಬಹಳ ಬೆಳಕು ಬೇಡುವ ಫಿಲ್ಮ್. ಮಾದಿಯಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಮಂಡಿನೋವಿನ ರುಕ್ಮಿಣಿಯಮ್ಮ ಹಿಂದೆ ನಿಂತಿದ್ದರು. ಲೆನ್ಸ್ ಪೂರ್ತಿ ತೆರೆದರೆ ಒಬ್ಬರ ಮುಖ ಮಾತ್ರ ಸ್ಪಷ್ಟ. ಇಬ್ಬರದೂ ಬೇಕೆಂದರೆ ಲೆನ್ಸ್ ಕಿರಿದು ಮಾಡಬೇಕು, ಆಗ ಬೆಳಕು ಸಾಲಲು ಶಟರ್ ಅರ್ಧ ಸೆಕೆಂಡ್ ತೆರೆದಿರಬೇಕು. ಅಷ್ಟು ಹೊತ್ತು ಯಾರೂ ಅಲುಗಬಾರದು. ಮಾದಿಯಮ್ಮನ ಬಲಗೈಗೋ, ಎರಡು ವರ್ಷದಿಂದ ನಿಲ್ಲದ ನಡುಕ. ಟೀ ಎಲೆ ಕೀಳುವುದನ್ನೂ ಬಿಟ್ಟಿದ್ದರು.

ಯಾರ ಮುಖ ಬಿಡಲಿ? ಅಕ್ಕನದೋ, ತಂಗಿಯದೋ?

"ಕೈಯನ್ನ ಶಾಲಿನೊಳಗೆ ಇಟ್ಕೊಳ್ಳಿ ಅಮ್ಮಾ" ಎಂದೆ.

"ಯಾಕೆ? ನಾನೇನು ಕದ್ದಿದ್ದೀನಾ?" ಎಂದರು ಮಾದಿಯಮ್ಮ.

ತಂಗಿ ನಕ್ಕರು. ನಾನು ಕ್ಯಾಮೆರಾವನ್ನು ಕಲ್ಲಿನ ಕಟ್ಟೆಯ ಮೇಲಿಟ್ಟು, ಉಸಿರು ಹಿಡಿದು, ಆ ಅರ್ಧ ಸೆಕೆಂಡನ್ನೇ ಆರಿಸಿಕೊಂಡೆ. ಇಬ್ಬರೂ ಇರಲಿ. ಕೈ ಏನಾದರೂ ಆಗಲಿ.

ಫಿಲ್ಮ್ ತೊಳೆದು ಪ್ರಿಂಟ್ ಹಾಕಿ ನೋಡಿದರೆ ಎರಡೂ ಮುಖಗಳ ಒಂದೊಂದು ಸುಕ್ಕೂ ಸ್ಪಷ್ಟ. ಕೈ ಇರಬೇಕಾದಲ್ಲಿ ಮಾತ್ರ ಬಿಳಿ ಹೊಗೆ.

ಮೊನ್ನೆ ಪ್ರಿಂಟ್ ಕೊಡಲು ಹೋದೆ. "ಕೈ ಅಲುಗಿಬಿಟ್ಟಿದೆ, ತಪ್ಪು ತಿಳ್ಕೋಬೇಡಿ" ಎಂದು ಮೊದಲೇ ಹೇಳಿಬಿಟ್ಟೆ.

ಮಾದಿಯಮ್ಮ ಅದನ್ನು ಕಿಟಕಿಯ ಬಳಿ ಹಿಡಿದು ನೋಡಿದರು. ಆಮೇಲೆ ತಂಗಿಯತ್ತ ತಿರುಗಿದರು.

"ನೋಡು ರುಕ್ಕೂ, ಎಲೆ ಕೀಳುವಾಗ ನನ್ನ ಕೈ ಹಿಂಗೇ ಓಡ್ತಿತ್ತು. ಕಣ್ಣಿಗೇ ಸಿಗ್ತಿರಲಿಲ್ಲ."

"ಹೌದಕ್ಕಾ. ನಿನ್ನ ಸಾಲು ಮುಗಿಸಿ ನನ್ನ ಸಾಲಿಗೂ ಬರ್ತಿದ್ದೆ" ಎಂದು ರುಕ್ಮಿಣಿಯಮ್ಮ ಆ ನಡುಗುವ ಕೈಯನ್ನು ಹಿಡಿದುಕೊಂಡರು.

ಅಲುಗಿದೆ ಎಂಬ ಒಂದೇ ಕಾರಣಕ್ಕೆ ನಾನು ಇಷ್ಟು ವರ್ಷ ಕಸಕ್ಕೆ ಎಸೆದ ನೆಗೆಟಿವ್‌ಗಳಲ್ಲಿ ಯಾರ್ಯಾರ ಕೈಗಳಿದ್ದವೋ?